ಹುಳು ಮುಟ್ಟದ ಕರಿಬೇವು

ಜುಲೈ 8, ಶನಿವಾರ

ಹಾಲು ಕಾಯಿಸಿದ್ದಾಯಿತು, ಬಾಲ್ಕನಿ ಒರೆಸಿದ್ದಾಯಿತು. ಕರಿಬೇವು ಸತ್ತಿದೆ. ಲಿಂಗಂಪಲ್ಲಿಯ ಈ ಫ್ಲ್ಯಾಟಿಗೆ ಬಂದು ಮೂರು ತಿಂಗಳು, ಇದು ಎರಡನೆಯ ಗಿಡ. ಎಲೆಯಡಿ ಹತ್ತಿಯಂಥ ಬಿಳಿ ಹುಳು, ಕಾಂಡಕ್ಕೆಲ್ಲ ಅಂಟು. ಇವರು ಚಹಾ ಕಪ್ಪು ಹಿಡಿದು ಬಂದು ಇಣುಕಿದರು.

"ಏನ್ ಗುಣವತಿಬಾಯಾರ, ಮಣ್ಣು ಯಾವಾಗ?"

"ನೀವು ಹೆಗಲು ಕೊಡಾಕ ಬಂದಾಗ."

ಎರಡು ಸಲವೂ ಇವರೇ ತಂದದ್ದು. ಫ್ಯಾಕ್ಟರಿ ಬಸ್ಸಿಳಿದು, ಕಂಡದ್ದನ್ನು ಎತ್ತಿಕೊಂಡು. ನಾಳೆ ನಾನೇ ಹೋಗುತ್ತೇನೆ ಅಂದೆ.

"ತೆಲುಗು ಬರ್ತದೇನು ನಿನಗ?"

"ಅದಕ್ಕೇನ್ರಿ, ನಮ್ಮ ಕನ್ನಡಾನ ಒಂಚೂರು ಎಳದು ಅಂದ್ರಾತು."

ಜುಲೈ 9, ರವಿವಾರ

ಕೊಂಡಾಪುರದ ರಸ್ತೆ ಬದಿಯ ನರ್ಸರಿ. ಎತ್ತಿನ ಹಲ್ಲು ನೋಡುವ ಹಾಗೆ ಒಂದೊಂದೇ ಎಲೆ ತಿರುವಿ ನೋಡಿದೆ. ಚೀಲದ ತಳದಲ್ಲಿ ಬೇರು ಹೊರಬಿದ್ದಿದೆಯೇ, ಕಾಂಡ ಅಲುಗಾಡಿಸಿದರೆ ಬುಡ ಅಲುಗುತ್ತದೆಯೇ, ತುದಿಯಲ್ಲಿ ಹೊಸ ಚಿಗುರು ಇದೆಯೇ. ಹತ್ತು ಗಿಡ ಬಿಟ್ಟು ಹನ್ನೊಂದನೆಯದು. ಸೊಂಟದೆತ್ತರ. ಎಲೆ ಫಳಫಳ. ಒಂದು ತೂತಿಲ್ಲ, ಒಂದು ಇರುವೆ ಕೂಡ ಇಲ್ಲ! ಇಂಥ ಆರೋಗ್ಯದ ಗಿಡ ನಮ್ಮೂರಲ್ಲೂ ಕಂಡಿಲ್ಲ.

ನರ್ಸರಿಯವ ಒಳ್ಳೆಯವ. ಗಿಡ ಕೊಡುವಾಗ ಎರಡೆರಡು ಸಲ ಹೇಳಿದ — "ಮೊನ್ನನೇ ಮಂದು ಕೊಟ್ಟಿನಂ. ಪದಿ ದಿನಾಲು ಆಗುಂಡ್ರಿ ಅಮ್ಮಾ." ಎಷ್ಟು ಸುಲಭ! ಮೊನ್ನೆಯೇ ಮದ್ದು ಕೊಟ್ಟಿದ್ದಾರೆ, ಹತ್ತು ದಿನದಲ್ಲಿ ಬೇರು ಹಿಡಿದು ಛಲೋ ಆಗುತ್ತದೆ. 'ರಿ' ಕೂಡ ನಮ್ಮದೇ. ಆಗ್ಲಿ ಆಗ್ಲಿ ಅಂದು ತಲೆಯಾಡಿಸಿ ಬಂದೆ. ಬಾಲ್ಕನಿಗೆ ಜೀವ ಬಂದಿದೆ.

ಜುಲೈ 10, ಸೋಮವಾರ, ಬೆಳಿಗ್ಗೆ 7.30

ಕರಿಬೇವಿನ ಹಸಿ ಚಟ್ನಿ. ಎರಡು ಹಿಡಿ ಎಲೆ. ಮೇಲೊಮ್ಮೆ ನೀರಾಡಿಸಿದೆ, ಹುರಿಯಲಿಲ್ಲ. ಹುರಿದರೆ ಆ ಘಮ ಎಲ್ಲಿ? ನನಗೆ ಸೋಮವಾರದ ಉಪವಾಸ. ಇವರು ನಾಲ್ಕು ರೊಟ್ಟಿ ಮುಗಿಸಿ, ಬಟ್ಟಲನ್ನೂ ಬೆರಳಲ್ಲಿ ಬಳಿದರು. "ಗಿಡ ಆರಿಸೋದು ನಿನ್ನ ಕಡಿಂದನ ಕಲೀಬೇಕು ಬಿಡು." ಅಬ್ಬಾ, ಈ ಬಾಯಿಂದ ಈ ಮಾತು!

ಅದೇ ದಿನ, ಸಂಜೆ 4

ಆಸ್ಪತ್ರೆಯ ಬೆಂಚು. ಔಷಧ ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ವಹಿ ಮನೆಯಲ್ಲೇ ಉಳಿದಿದೆ.

ಶೂ ಕಟ್ಟಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಬಾಯಿಂದ ಜೊಲ್ಲು. ಅಂಗಿ ಹಿಂಡುವಷ್ಟು ಬೆವರು. ವಾಂತಿ, ಮತ್ತೆ ವಾಂತಿ. "ಗುಣಾ, ಕಣ್ಣು ಮಂಜಾಗ್ಯಾವು..." ಅಷ್ಟೇ. ಆಮೇಲೆ ಮಾತಿಲ್ಲ.

ಇಲ್ಲಿ ನರ್ಸ್ ಕೇಳಿದಳು, "ಮಂದು ತಾಗಿಂಡಾ?" ಇವರು ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ. "ಹಾ, ರೋಜ್" ಅಂದು ಎರಡು ಬೆರಳು ತೋರಿಸಿದೆ. ದಿನಕ್ಕೆ ಎರಡು ಹೊತ್ತು. ಅವಳ ಪೆನ್ನು ನಿಂತಿತು. ಡಾಕ್ಟರ್ ಬಂದರು. ಹಿಂದಿಯಲ್ಲಿ, ಮನೆಯಲ್ಲಿ ಜಗಳವೇ ಎಂದರು. ಪೊಲೀಸ್ ಅನ್ನುವ ಮಾತೂ ಬಂತು. ಇದೇನು! ಇವರ ಸ್ಟ್ರೆಚರ್ ಒಳಗೆ ಹೋಯಿತು, ಹಿಂದೆಯೇ ಓಡಿದೆ. ನರ್ಸ್ ಎದೆಗೆ ಅಂಗೈ ಅಡ್ಡ ಹಿಡಿದಳು. "ಆಗುಂಡ್ರಿ!" ಸರಿಹೋಗುತ್ತದೆ ಅನ್ನುತ್ತಿದ್ದಾಳೆ ಅಂತ ನಾನು ಮುಂದಕ್ಕೇ ನುಗ್ಗಿದೆ. ತೋಳು ಹಿಡಿದು ಎಳೆದಳು. "ಆಗುಂಡ್ರಿ ಅಂಟೇ ಆಗರೇಂದಿ?"

ನೆಲ ಒರೆಸುತ್ತಿದ್ದ ಆಯಾ ಎದ್ದು ಬಂದಳು. ನಾರಾಯಣಪೇಟೆ ಕಡೆಯವಳು, ಕನ್ನಡ ಬರುತ್ತದೆ.

"ಅಕ್ಕಾರ, ನಿಲ್ರಿ ಅಂದ್ರ ಯಾಕ ನಿಲ್ಲಂಗಿಲ್ಲ ಅನ್ನಾಕತ್ತಾಳ. ತೆಲುಗಿನಾಗ ಆಗೋದು ಅಂದ್ರ ನಿಲ್ಲೋದು."

"ಮತ್ತ ಮಂದು?"

"ಎಣ್ಣಿರಿ! ಬೆಳಿಗೆ ಹೊಡಿಯೋ ಎಣ್ಣಿ. ಯಜಮಾನ್ರು ಎಣ್ಣಿ ಕುಡದಾರೇನು ಅಂತ ಕೇಳಿದ್ರ, ದಿನಾ ಎರಡು ಹೊತ್ತು ಅಂದ್ರಲ್ರಿ ನೀವು!"

ನಮ್ಮೂರಲ್ಲಿ ಮನುಷ್ಯರಿಗೆ ಕೊಡುವುದು ಮದ್ದು, ಬೆಳೆಯ ಹುಳು ಕೊಲ್ಲುವ ವಿಷ ಎಣ್ಣೆ. ಎಣ್ಣೆ ಕುಡಿದ ಅಂದರೆ ಮುಗಿಯಿತು ಅಂತಲೇ ಅರ್ಥ. 'ಮೊನ್ನೆ ಎಣ್ಣೆ ಹೊಡೆದಿದ್ದೇವೆ, ಹತ್ತು ದಿನ ತಡೆಯಿರಿ ಅಮ್ಮಾ.' ಅವನು ಹೇಳಿದ್ದು ಇದು. ಎರಡು ಸಲ. ನಾನು ಆಗ್ಲಿ ಆಗ್ಲಿ ಅಂದೆ. ಇರುವೆ ಕೂಡ ಮುಟ್ಟದ್ದನ್ನು ಅರೆದು, ಮುಂದೆ ಕೂತು, ಇನ್ನಷ್ಟು ಹಾಕಲೇ ಅಂತ ಕೇಳಿ ಬಡಿಸಿದೆ.

ಆಯಾಳ ಬಾಯಿಂದ ಡಾಕ್ಟರಿಗೆ ಎಲ್ಲ ಹೇಳಿಸಿದೆ. ಇವರ ಬಟ್ಟೆ ತುಂಬಿ ತಂದಿದ್ದ ನರ್ಸರಿಯ ಚೀಲದ ಮೇಲಿನ ನಂಬರಿಗೆ ಅವಳೇ ಫೋನ್ ಮಾಡಿದಳು. ನರ್ಸರಿಯವ ಬಾಟಲಿ ತಂದು ಹೆಸರು ಓದಿದ. ಡಾಕ್ಟರ್ ಬರೆದುಕೊಂಡು ಒಳಗೆ ಓಡಿದರು. ಫೋನಿನಲ್ಲಿ ಅವನಿನ್ನೂ ಅನ್ನುತ್ತಲೇ ಇದ್ದ, "ಚೆಪ್ಪಿನ ಕದಮ್ಮಾ... ಚೆಪ್ಪಿನ ಕದಾ..." ಹೇಳಿದ್ದೆನಲ್ಲಮ್ಮಾ. ಅಳುತ್ತಿದ್ದ.

ಜುಲೈ 13, ಗುರುವಾರ

ಮೂರು ದಿನದಿಂದ ಇವರು ಐಸಿಯು ಗಾಜಿನ ಆಚೆ. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತಂತೆ, ಈಗ ಸರಿಯಾಗಿದೆಯಂತೆ. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರ್. ಚೀಟಿಯನ್ನು ಈ ವಹಿಗೆ ಅಂಟಿಸಿದ್ದೇನೆ.

ಜುಲೈ 14, ಶುಕ್ರವಾರ, ಮಧ್ಯಾಹ್ನ

ವಾರ್ಡಿಗೆ ತಂದರು. ಗಂಜಿ ಕುಡಿದು ಕೂತಿದ್ದಾರೆ. ಏನು ತಿಂದು ಹೀಗಾಯಿತೆಂದು ಇವರಿಗೆ ಯಾರೂ ಹೇಳಿಲ್ಲ. ಹೇಳುವುದು ನಿಮ್ಮದು ಅಂದುಬಿಟ್ಟರು ಡಾಕ್ಟರ್. ಇವರ ಜೊತೆ ಕೆಲಸ ಮಾಡುವ ಪ್ರಹ್ಲಾದ ನೋಡಲು ಬಂದಿದ್ದಾರೆ.

"ಶನಿವಾರ ಕ್ಯಾಂಟೀನಿನಾಗ ವಡಿ ತಿಂದಿದ್ದೆ ನೋಡೋ, ಅದ ಇದು. ಆ ಕ್ಯಾಂಟೀನ್ ನಡಸೋ ಸುಬ್ಬರಾಯನ್ನ ಬಿಡಂಗಿಲ್ಲ. ಅವನ ಕಾಂಟ್ರ್ಯಾಕ್ಟ್ ತೆಗಸ್ತೀನಿ."

"ಮನ್ಯಾಗೇನರೆ..." ಅಂದರು ಪ್ರಹ್ಲಾದ.

"ಹುಚ್ಚೇನೋ! ಇಕೀ ಕೈಯಾಗಿಂದು ಉಂಡು ಯಾರಿಗೇನಾಗ್ತದ?"

ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಇದನ್ನೇ ಬರೆಯುತ್ತಿದ್ದೇನೆ.

ಈಗ ನನ್ನ ಕಡೆ ಕೈ ಚಾಚಿದ್ದಾರೆ. "ಗುಣಾ, ಆ ವಹಿಯಾಗಿಂದ ಒಂದು ಹಾಳಿ ಹರದು ಕೊಡು. ಕಂಪ್ಲೇಂಟ್ ಬರಿಯೂಣು." ಪ್ರಹ್ಲಾದ ಜೇಬಿನಿಂದ ಪೆನ್ನು ತೆಗೆದರು.

ಹಾಳೆ ಹರಿಯುವುದಿಲ್ಲ. ವಹಿಯನ್ನೇ ಕೊಡುತ್ತೇನೆ. ಸೋಮವಾರದ ಪುಟ ತೆರೆದು, ಮೊದಲು ಇದನ್ನು ಓದ್ರಿ ಅನ್ನುತ್ತೇನೆ.