ನಲವತ್ತು ಸೆಕೆಂಡಿನ ಅಕ್ಕಿಕಾಳು

ಮೇ 4, ಭಾನುವಾರ

ಕೆಲಸದ ಮನೆಯ ಬೈರಮ್ಮಜ್ಜಿಗೆ ರಾಗಿ ಗಂಜಿ ಕೊಟ್ಟೆ. ಮೊಣಕಾಲಿಗೆ ಎಣ್ಣೆ ಹಚ್ಚಿದೆ. ಅವರ ಧಾರಾವಾಹಿ ನಡುವೆ ನಿಂತುಬಿಟ್ಟಿತು. ಟಿವಿಯ ಮೇಲೆ ಒಂದು ಉಂಗುರ, ಸುತ್ತುತ್ತಲೇ ಇತ್ತು. ಬಫರಿಂಗ್ ಅಂತೆ. ಅಜ್ಜಿಯ ಮೊಮ್ಮಗ ದೀಪಕಣ್ಣ ಹೇಳಿದರು. ಮುಂದಿನ ಚಿತ್ರ ಇನ್ನೂ ದಾರಿಯಲ್ಲಿದೆ, ಬರುವ ತನಕ ಕಾಯಬೇಕು. ಕಾಯುವುದಕ್ಕೂ ಒಂದು ಹೆಸರು... ಬರೆದುಕೊಂಡೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ತಪ್ಪಿದ್ದರೂ ಯಾರು ನೋಡುತ್ತಾರೆ.

ಮಧ್ಯಾಹ್ನ ಊರಿನಿಂದ ತಂಗಿ ಪ್ರಿಯಾಂಕಾಳ ಫೋನ್. ಬರುವ ಭಾನುವಾರ ಅವಳ ಮದುವೆ. ಅಜ್ಜಿಯನ್ನು ನೋಡಿಕೊಳ್ಳುವವರಿಲ್ಲ, ಬರಲಾಗದು ಅಂದೆ.

ಸುಳ್ಳು. ಅಜ್ಜಿ ಗೋಡೆ ಹಿಡಿದು ನಡೆಯತೊಡಗಿ ತಿಂಗಳಾಯಿತು. ರಜೆ ತಗೋ ಎಂದು ಅವರೇ ಎರಡು ಸಲ ಹೇಳಿದ್ದಾರೆ. ಆದರೆ ಹಿರಿಯಳು ನಾನು, ಇನ್ನೂ ಹೀಗೇ ಇದ್ದೇನೆ. ಬೀಗರ ಕಡೆಯ ಹೆಂಗಸರು ಕೇಳುತ್ತಾರೆ. ಆ ಹಂದರದಲ್ಲಿ ಎಲ್ಲಿ ನಿಲ್ಲಲಿ?

ಮೇ 8

ಫೋಟೋದವನು ಮದುವೆಯನ್ನು ಲೈವ್ ಬಿಡುತ್ತಾನಂತೆ. ಲಿಂಕ್ ಬಂತು. ಪ್ರಿಯಾಂಕಾ ಫೋನಿನಲ್ಲಿ ಹೇಳಿದಳು:

“ಅಲ್ಲಿಂದನ ಅಕ್ಕಿಕಾಳು ಒಗಿ ಅಕ್ಕಾ. ಎಲ್ಲಾರ ಜೋಡಿ ಬೀಳಬೇಕು. ನೀ ಒಗದೀ ಅಂದಮ್ಯಾಲೆ ನಾ ತಲಿ ಎತ್ತತೀನಿ.”

ಮೇ 10, ಸಂಜೆ

ಟಿವಿ ನೋಡಿ ಅಕ್ಷತೆ ಹಾಕಿದರೆ ಎಲ್ಲರ ಜೊತೆಗೇ ಬೀಳುತ್ತದಾ ಎಂದು ದೀಪಕಣ್ಣನನ್ನು ಕೇಳಿದೆ. ನಕ್ಕರು.

“ಲೈವ್ ಅಂತ ಹೆಸ್ರು ಅಷ್ಟೇ. ಇಲ್ಲಿಗೆ ಬರೋಷ್ಟ್ರಲ್ಲಿ ನಲವತ್ತು ಸೆಕೆಂಡ್ ಲೇಟು. ಲೇಟೆನ್ಸಿ ಅಂತಾರೆ.”

ಫೋನಿನ ಮಾತು ಮಾತ್ರ ಕೂಡಲೇ ಮುಟ್ಟುತ್ತದಂತೆ. ಅಪ್ಪನಿಗೆ ಹೇಳಿದೆ, ತಾಳಿ ಕಟ್ಟುವಾಗ ಫೋನ್ ಇಡಬೇಡ, ವಾದ್ಯ ಕೇಳಿ ಒಗೆಯುತ್ತೇನೆ ಎಂದು.

ರಾತ್ರಿ ನಕ್ಷತ್ರ ನೋಡಿದೆ. ಆ ಬೆಳಕೂ ಎಷ್ಟು ಹಿಂದೆ ಹೊರಟದ್ದೋ.

ಮೇ 11

ಟಿವಿಯ ದನಿ ಇಳಿಸಿದ್ದೆ. ಫೋನ್ ಕಿವಿಗೆ. ಅದರಲ್ಲಿ ವಾಜಂತ್ರಿ ಒಮ್ಮೆಲೇ ಜೋರಾಯಿತು. ಒಗೆದೆ.

“ಅವ್ಳಿನ್ನೂ ತಲೆ ಬಗ್ಗಿಸ್ಕೊಂಡು ಕೂತವ್ಳೆ, ಆಗ್ಲೇ ಚೆಲ್ಬಿಟ್ಯಲ್ಲೇ!” ಎಂದರು ಅಜ್ಜಿ, ತಮ್ಮ ಮುಷ್ಟಿಯ ಅಕ್ಕಿ ಬಿಡದೆ.

ಹೌದು. ಟಿವಿಯಲ್ಲಿ ಅವಳ ಕೊರಳು ಇನ್ನೂ ಬರಿದು. ಇನ್ನೂ ನಮ್ಮ ಮನೆಯವಳು. ಅಷ್ಟರಲ್ಲಿ ಫೋನಿನಲ್ಲಿ ಅವಳದೇ ದನಿ. ಅಪ್ಪ ಅವಳ ಕಿವಿಗೆ ಹಿಡಿದಿರಬೇಕು.

“ಒಗದಿ, ಅಕ್ಕಾ?”

“ಒಗದೆ. ಪ್ರಿಯಾ... ಅಜ್ಜಿ ಆರಾಮ ಅದಾಳ. ನಾನ ಬರಲಿಲ್ಲ.”

ಹೇಗೆ ಬಾಯಿಗೆ ಬಂತೋ. ಟಿವಿಯಲ್ಲಿದ್ದವಳಿಗೆ ಇದಿನ್ನೂ ಗೊತ್ತಿಲ್ಲ ಎಂದೇ ಧೈರ್ಯ ಬಂತೋ ಏನೋ.

“ಗೊತ್ತೈತಿ” ಅಂದಳು.

ಸಿಟ್ಟೋ, ಅಳುವೋ, ವಾಜಂತ್ರಿಯಲ್ಲಿ ತಿಳಿಯಲಿಲ್ಲ. ಫೋನ್ ಕಟ್ಟಾಯಿತು. ಆ ಮುಖ ಇನ್ನೂ ದಾರಿಯಲ್ಲಿತ್ತು. ಕಾದೆ.

ಟಿವಿಯಲ್ಲೂ ಕೊರಳಿಗೆ ತಾಳಿ ಬಿತ್ತು. ಅಕ್ಕಿಕಾಳು ಮಳೆಯಂತೆ. ಈಗ ಅಜ್ಜಿಯೂ ಹಾಕಿದರು, ಟಿವಿಗೆ ತಗಲಿ ಉದುರಿದವು. ಅಪ್ಪ ಫೋನ್ ತಂದ. ಅವಳ ತುಟಿ ಅಲುಗಿತು. ಕೇಳಿಸಿಕೊಂಡಳು. ಒಂದು ಮಾತು ಅಂದಳು. ಮೆಲ್ಲಗೆ ತಲೆ ಎತ್ತಿ, ಕ್ಯಾಮೆರಾದ ಕಡೆ, ನನ್ನ ಕಡೆಗೇ ನೋಡಿ, ಚಿಕ್ಕವಳಿದ್ದಾಗ ನನ್ನ ಬಳೆ ಕದ್ದು ಸಿಕ್ಕಿಬಿದ್ದಾಗ ನಗುತ್ತಿದ್ದಳಲ್ಲ, ಹಾಗೆ—