ಸೋಡಿಯಂ ಕಳೆದುಕೊಂಡದ್ದು

೧೨ ಫೆಬ್ರವರಿ ೨೦೨೫, ಬುಧವಾರ, ಹಿರಿಯೂರು

ಮತ್ತೋಡಿನ ಮೊಮ್ಮಗಳು ಕಾವ್ಯಶ್ರೀಯಲ್ಲಿ ಕ್ಷಮೆ ಕೇಳಬೇಕು. ಸೋಡಿಯಂ ಪರಮಾಣು ಹೊರಕವಚದ ಒಂಟಿ ಎಲೆಕ್ಟ್ರಾನನ್ನು ಕಳೆದುಕೊಂಡು ಋಣ ಅಯಾನು ಆಗುತ್ತದೆಂದು ಅವಳಿಗೆ ಕಾಗದ ಬರೆದಿದ್ದೆ. ಬಿಟ್ಟುಹೋಗುವ ಎಲೆಕ್ಟ್ರಾನೇ ಋಣವಾಗಿರುವಾಗ ಉಳಿದದ್ದು ಧನವಾಗದೆ ಇನ್ನೇನಾದೀತು?

“ತಾತ, ನಿಮ್ಮ ಕಾಗದ ನಂಬಿ ಎರಡು ಮಾರ್ಕ್ಸ್ ಹೋದ್ವು. ಕನಕರಾಜ್ ಮೇಷ್ಟ್ರು ಹೇಳಿದ್ದೇ ಸರಿ ಐತೆ. ಇನ್ಮೇಲೆ ಸೈನ್ಸು ಬರೀಬ್ಯಾಡ್ರಿ,” ಎಂದಳು ದೂರವಾಣಿಯಲ್ಲಿ.

ಆ ಕನಕರಾಜ! ‘ಎಲೆಕ್ಟ್ರಾನ್ ಲಾಸ್ ಆದ್ರೆ ಪ್ಲಸ್ಸು ಕಣ್ರಲೇ’ ಎಂದು ಪಾಠ ಒದರುವ, ಒಂದು ವಾಕ್ಯವನ್ನೂ ನೆಟ್ಟಗೆ ಕಟ್ಟಲಾರದ ಉಪಾಧ್ಯಾಯ. ಅಂಥವನಿಂದ ತಿದ್ದಿಸಿಕೊಂಡೆ.

ನಾಳೆ ಕಳುಹಿಸಬೇಕಾದ ತಿದ್ದುಪಡಿ: ಜನವರಿ ಎಂಟರ ಕಾಗದದಲ್ಲಿ ‘ಋಣ’ ಎಂದಿರುವುದು ‘ಧನ’. ಹತ್ತೊಂಬತ್ತರ ಕಾಗದದಲ್ಲೂ ಅದೇ. ಇಪ್ಪತ್ತೇಳರಲ್ಲಿ ‘ಆ ಮೂರ್ಖನ ಪಾಠವನ್ನು ನಂಬಬೇಡ’ ಎಂದಿದ್ದೇನೆ, ‘ನಂಬು’ ಎಂದಾಗಬೇಕು. ‘ಮೂರ್ಖ’ ಎಂಬುದು ಹಾಗೆಯೇ ಇರಲಿ.