ಪೇಶ್ವೆಗಳ ಕಾಲದ ಗಾಳಿ

ಸದಾಶಿವ ಪೇಠ, ಪುಣೆ
ಗುರುವಾರ, ೨೬ ನವೆಂಬರ್ ೧೯೯೮

ಪ್ರೀತಿಯ ತಮ್ಮಾ ಸಿದ್ದೂ,

ಹೇಗಿದ್ದೀ? ಕಳೆದ ಸಲ ಬೆರಳ ತುದಿ ಮರಗಟ್ಟಿದೆ ಎಂದಿದ್ದೆ, ಈಗ ಜೀವ ಬಂದಿತೇ? ಎರಡು ತಿಂಗಳು ಸೂರ್ಯನ ಮುಖವೇ ಕಾಣದ ಕತ್ತಲು ಹೋಗಿ ಈಗ ಮುಳುಗದ ಸೂರ್ಯ ಬಂದಿರಬೇಕು. ಅಂಥ ಬೆಳಕಿನಲ್ಲಿ ನಿದ್ದೆ ಹೇಗೆ ಮಾಡುತ್ತೀಯೋ. ಒಡೆದ ತುಟಿಗೆ ತುಪ್ಪ ಹಚ್ಚಿಕೊ ಎಂದು ಅವ್ವ ಹೇಳಿದ್ದಾಳೆ. ಅಂಟಾರ್ಕ್ಟಿಕಾದಲ್ಲಿ ತುಪ್ಪ ಎಲ್ಲಿಂದ ಬರಬೇಕು ಎಂದರೆ, "ಅಷ್ಟ ದೂರ ಸರಕಾರ ಮಂದೀನ ಒಯ್ಯತದ, ಒಂದ ಡಬ್ಬಿ ತುಪ್ಪ ಒಯ್ಯೂದಿಲ್ಲೇನ?" ಎಂದು ನನಗೇ ಬೈದಳು. ಹಾಗಾಗಿ ನಿಮ್ಮ ಸಂಸ್ಥೆಯ ವಿಕಾಸನ ಕೈಯಲ್ಲಿ ತುಪ್ಪ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಬರುತ್ತಿವೆ. ರೊಟ್ಟಿ ಪುಡಿಯಾಗಿದ್ದರೆ ಅವನನ್ನು ಬೈಯಬೇಡ, ಹಡಗಿನ ಅಲೆಗೆ ಅವ್ವನ ರೊಟ್ಟಿಯ ಬೆಲೆ ಗೊತ್ತಿಲ್ಲ. ಅವ್ವನ ಮೊಣಕಾಲು ಹಾಗೆಯೇ ಇದೆ, ನಾಲಿಗೆಯೂ ಹಾಗೆಯೇ ಇದೆ. ಅಂದರೆ ಆರೋಗ್ಯವಾಗಿದ್ದಾಳೆ.

ಇವತ್ತು ಗುರುವಾರ, ಎಂದಿನಂತೆ ಕರೆಂಟ್ ಇಲ್ಲ. ದೀಪವಿಲ್ಲದೆ ವಿಜ್ಞಾನ ತಲೆಗೆ ಹತ್ತುವುದಿಲ್ಲವೆಂದು ನನ್ನ ಕ್ಲಾಸಿನ ಮಕ್ಕಳು ಬಂದಿಲ್ಲ. ದೀಪವಿದ್ದಾಗಲೂ ಹತ್ತುವುದಿಲ್ಲ, ಆ ಮಾತು ಬೇರೆ. ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಸಂಜೆ ವಿಕಾಸ ಬಂದು ಕಾಗದ ಒಯ್ಯುತ್ತಾನೆ, ನಾಳೆ ಗೋವೆಗೆ ಹೋಗಿ ಹಡಗು ಹತ್ತುತ್ತಾನೆ. ಇದನ್ನೆಲ್ಲ ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ಇಲ್ಲಿ ಪುಣೆಯ ನಿಮ್ಮ ಸಂಸ್ಥೆಯ ಉಪಗ್ರಹ ಫೋನಿನ ಪಕ್ಕದಲ್ಲಿ ನಿಮ್ಮ ದೊಡ್ಡ ಅಧಿಕಾರಿ ಮಾರ್ತಾಂಡ ಸಾಹೇಬರು ಕಾಲಮೇಲೆ ಕಾಲು ಹಾಕಿಕೊಂಡು ಕೂತಿರುತ್ತಾರೆ. ಅಕ್ಕ ತಮ್ಮನ ಮಾತು ಕೇಳುವುದೂ ಅವರ ಸಂಶೋಧನೆಯ ಭಾಗವೇ ಇರಬೇಕು.

ದೀಪಾವಳಿಯ ದಿನ ನೀನು ಆ ಫೋನಿನಲ್ಲಿ ಆಡಿದ ಮಾತು ಇನ್ನೂ ನನ್ನನ್ನು ಚುಚ್ಚುತ್ತಿದೆ. ನೀನು ಚಳಿಗಾಲ ಕಳೆಯಲು ಅಲ್ಲೇ ಉಳಿದೆ, ನೀನು ಕೊರೆದು ತೆಗೆದ ಮಂಜುಗಡ್ಡೆ ಮಾತ್ರ ಹಡಗಿನಲ್ಲಿ ಇಲ್ಲಿಗೆ ಬಂತು. ಇಲ್ಲಿಂದ ಫ್ರಾನ್ಸಿನ ಪ್ರಯೋಗಾಲಯಕ್ಕೆ ಹೋಯಿತು, ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯನ್ನು ಅವರು ಅಳೆಯಲಿ ಎಂದು. ಅವರು ಎಲ್ಲ ತುಂಡುಗಳನ್ನೂ ಜೋಡಿಸಿ ನೋಡಿ, ನಡುವಿನ ಒಂದು ತುಂಡು ಇಲ್ಲವೆಂದು ಬರೆದರು. ಆವತ್ತು ನೀನು ಹೇಳಿದೆ, ಜ್ವಾಲಾಮುಖಿಯ ಗುರುತಿನ ಕೆಳಗಿನ ತುಂಡೇ ಹೋಗಿದೆ, ಗಿರಣಿಗಳ ಹೊಗೆ ಜಗತ್ತಿನ ಗಾಳಿಗೆ ಸೇರತೊಡಗಿದ ಕಾಲ ಅದರಲ್ಲೇ ಇತ್ತು, ಅದಿಲ್ಲದೆ ಇಡೀ ಕೆಲಸಕ್ಕೆ ನಡು ಮುರಿದಂತಾಯಿತು ಎಂದು. ಅಷ್ಟು ಹೇಳಿ ಅತ್ತಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. "ತಪ್ಪ ನಂದ ಇರಬೇಕಕ್ಕಾ. ಪೆಟಗಿ ತುಂಬೂವಾಗ ಎಲ್ಲೋ ಬಿಟ್ಟೇನಿ. ಸಾಹೇಬ್ರ ಭಾಳ ದೊಡ್ಡ ಮನಸಿನವ್ರು, ಚೌಕಶಿ ಆಗಧಂಗ ನೋಡಕೋತೀನಿ ಅಂದಾರ. ಒಂದ ಕಾಗದ ಕಳಸ್ತಾರಂತ, ಸಹಿ ಮಾಡಿದ್ರ ಮುಗೀತು" ಎಂದೆ. ಮುಗಿಯುವುದು ಏನು ಗೊತ್ತೇ ನಿನಗೆ? ನಿನ್ನ ನಿರ್ಲಕ್ಷ್ಯದಿಂದ ತುಂಡು ಕಳೆಯಿತು ಎಂದು ನೀನೇ ಬರೆದುಕೊಟ್ಟರೆ ಮುಗಿಯುವುದು ನಿನ್ನ ನೌಕರಿ. ಇನ್ನು ಯಾವ ಹಡಗೂ ನಿನ್ನನ್ನು ಹತ್ತಿಸಿಕೊಳ್ಳುವುದಿಲ್ಲ. ಕುಂಬಳಕಾಯಿ ಕದ್ದವನು ಒಬ್ಬ, ಹೆಗಲು ಮುಟ್ಟಿ ನೋಡಿಕೊಳ್ಳುವವನು ನೀನು. ಸಣ್ಣವನಿದ್ದಾಗಿನಿಂದಲೂ ಹೀಗೆಯೇ. ಯಾರದೋ ಮನೆಯ ಗಾಜು ಒಡೆದರೂ ನಿನ್ನ ಕಣ್ಣಲ್ಲಿ ನೀರು. ಜನ ಇದನ್ನು ಒಳ್ಳೆಯತನ ಎನ್ನುತ್ತಾರೆ, ನಾನು ಹಾಗೆ ಎನ್ನುವುದಿಲ್ಲ.

ಈಗ ಕಳ್ಳನ ಸಮಾಚಾರ ಕೇಳು. ನಮ್ಮ ಎದುರಿನ ವಾಡೆಯ ಅಪ್ಪಾಸಾಹೇಬರು ನಿನಗೆ ನೆನಪಿರಬೇಕು. ಬಾಗಿಲಿಗೆ "ಕಾರಣವಿಲ್ಲದೆ ಗಂಟೆ ಬಾರಿಸಬಾರದು, ಕಾರಣವಿದ್ದರೆ ಒಮ್ಮೆ ಮಾತ್ರ" ಎಂದು ಮರಾಠಿಯಲ್ಲಿ ಬೋರ್ಡು ಹಾಕಿಕೊಂಡ ಮಹಾನುಭಾವರು. ಪೇಶ್ವೆಗಳು ಹೋಗಿ ನೂರೆಂಬತ್ತು ವರ್ಷವಾದರೂ ಅವರಿಗೆ ಇನ್ನೂ ಸೂತಕ ಕಳೆದಿಲ್ಲ. ಅವರಂಥ ಹತ್ತಿಪ್ಪತ್ತು ಮುದುಕರನ್ನು ಸೇರಿಸಿ ಪೇಶ್ವೆ ಸ್ಮರಣ ಮಂಡಳ ಎಂದು ಕಟ್ಟಿಕೊಂಡು, ಅದಕ್ಕೆ ತಾವೇ ಅಧ್ಯಕ್ಷರಾಗಿದ್ದಾರೆ. ಈ ತಿಂಗಳ ಎರಡನೆಯ ರವಿವಾರ ಆ ಮಂಡಳದಿಂದ ಮಾರ್ತಾಂಡ ಸಾಹೇಬರಿಗೆ ಸತ್ಕಾರ ಇತ್ತು. ಸಾಹೇಬರು ಪೇಶ್ವೆಗಳಿಗೆ ಏನು ಮಾಡಿದ್ದಾರೆ ಎಂದು ನಿನ್ನಂತೆ ನಾನೂ ತಲೆ ಕೆರೆದುಕೊಂಡೆ. ಮಂಜುಗಡ್ಡೆ ಕೊರೆದವನ ಅಕ್ಕ ಎಂದು ನನಗೂ ಕರೆ ಬಂದಿತ್ತು. ನಿನ್ನ ಹೆಸರು ನಾಲ್ಕು ಜನರ ಮುಂದೆ ಹೇಳಿಯಾರು ಎಂಬ ಆಸೆಗೆ ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಹೋಗಿ ಮೂರನೆಯ ಸಾಲಿನಲ್ಲಿ ಕೂತೆ.

ನಿನ್ನ ಹೆಸರು ಬರಲಿಲ್ಲ. ಬಂದದ್ದು ಕೋಕಮ್ ಸರಬತ್ತು. ಪ್ರತಿ ಗ್ಲಾಸಿನಲ್ಲೂ ಒಂದೊಂದು ಚೂರು ಮಂಜುಗಡ್ಡೆ, ಅದು ಸಣ್ಣಗೆ ಚಟಚಟ ಎನ್ನುತ್ತಿತ್ತು. ಸಾಹೇಬರು ಶಾಲು ಹೊದ್ದು, ಪೇಟ ಸುತ್ತಿಸಿಕೊಂಡು ಎದ್ದು ನಿಂತು, ಗ್ಲಾಸು ಕಿವಿಗೆ ಹಿಡಿದು "ಐಕಾ, ಐಕಾ!" ಎಂದರು. ಎಲ್ಲರೂ ಗ್ಲಾಸನ್ನು ಕಿವಿಗೆ ಹಿಡಿದು ಕೇಳಿದರು. ಇದು ದಕ್ಷಿಣ ಧ್ರುವದ ಮಂಜುಗಡ್ಡೆ, ಶನಿವಾರವಾಡೆಯಲ್ಲಿ ನಗಾರಿ ಬಾರಿಸುತ್ತಿದ್ದ ದಿನಗಳಲ್ಲಿ ಬಿದ್ದ ಹಿಮ, ಇದರೊಳಗಿಂದ ಸಿಡಿದು ಬರುತ್ತಿರುವುದು ಪೇಶ್ವೆಗಳು ಉಸಿರಾಡಿದ ಗಾಳಿ ಎಂದರು. ಅಷ್ಟು ಸಾಕಾಯಿತು. ಒಬ್ಬರು ಕಣ್ಣೊರೆಸಿಕೊಂಡರು. ಇನ್ನೊಬ್ಬರು ಚಪ್ಪಲಿ ಬಿಟ್ಟು ಕುಡಿದರು. ಯಾರೋ ತಲೆಗೂ ಪ್ರೋಕ್ಷಿಸಿಕೊಂಡರು. ನಾನು ಒಳಗೊಳಗೇ ನಕ್ಕೆ, ಆದರೆ ಸಿದ್ದೂ, ಹೆಮ್ಮೆಯೂ ಪಟ್ಟೆ. ನನ್ನ ತಮ್ಮ ಇರುವ ನೆಲದ ಮಂಜುಗಡ್ಡೆ ಎಂದು ಕೊನೆಯ ಹನಿಯವರೆಗೂ ಕುಡಿದೆ.

ಮುಂದಿನ ಸಾಲಿನ ಒಬ್ಬರಿಗೆ ಸಂಶಯ ಬಂದಿತು. ಪೇಶ್ವೆಗಳ ಕಾಲದ್ದೇ ಎಂದು ಹೇಗೆ ನಂಬುವುದು, ಕಬ್ಬಿನ ಹಾಲಿನ ಗಾಡಿಯ ಮಂಜುಗಡ್ಡೆಯೂ ಹೀಗೆಯೇ ಇರುತ್ತದಲ್ಲ ಎಂದರು. ಸಾಹೇಬರ ಮಾನಕ್ಕೆ ಬಂತು. ೧೮೧೫ರಲ್ಲಿ ದೊಡ್ಡ ಜ್ವಾಲಾಮುಖಿ ಸಿಡಿದಿತ್ತು, ಅದರ ಆಮ್ಲ ಹಿಮದಲ್ಲಿ ಗುರುತು ಬಿಟ್ಟಿದೆ, ಈ ತುಂಡು ಆ ಗುರುತಿನ ಸರಿಯಾಗಿ ಕೆಳಗಿನದು, ಅದನ್ನು ನಾನೇ ಆರಿಸಿ ತೆಗೆದಿದ್ದೇನೆ ಎಂದು ಎದೆ ತಟ್ಟಿಕೊಂಡರು. ನನ್ನ ಕೈಯಲ್ಲಿ ಖಾಲಿ ಗ್ಲಾಸು. ನೀನು ಬೆರಳು ಮರಗಟ್ಟಿಸಿಕೊಂಡು ತೆಗೆದದ್ದನ್ನು, ಕಳೆದೆನೆಂದು ಅತ್ತದ್ದನ್ನು, ಸಕ್ಕರೆ ಹಾಕಿ ನಿನ್ನ ಅಕ್ಕ ಕುಡಿದಿದ್ದಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಒಂದು ಶಾಲು, ಒಂದು ತೆಂಗಿನಕಾಯಿ, ನಾಲ್ಕು ಮುದುಕರ ಚಪ್ಪಾಳೆ, ಇಷ್ಟಕ್ಕಾಗಿ ನಿಮ್ಮ ಆ ದೊಡ್ಡ ಮನಸ್ಸಿನ ಮನುಷ್ಯ ಅದನ್ನು ಒಡೆದು ಹಂಚಿದ್ದ.

ಕಳ್ಳ ಎಂದು ಕೂಗಬೇಕೆಂದಿದ್ದೆ. ಏನು ತೋರಿಸಿ ಕೂಗಲಿ? ಎಲ್ಲವೂ ಹೊಟ್ಟೆ ಸೇರಿತ್ತು. ಸುಮ್ಮನೆ ಬರುವುದೂ ಆಗಲಿಲ್ಲ. ಎದ್ದು ನಿಂತು, ನೀನು ಹೋಗುವ ಮುಂಚೆ ಜೋಳದ ಹಿಟ್ಟಿನ ಡಬ್ಬಿ ಮುಂದಿಟ್ಟುಕೊಂಡು ನನಗೆ ಹೇಳಿಕೊಟ್ಟದ್ದನ್ನೇ ಮರಾಠಿಯಲ್ಲಿ ಹೇಳಿದೆ. ಬಿದ್ದ ಹಿಮ ಹಿಟ್ಟಿನಂತೆ ಸಡಿಲ. ಎಷ್ಟೋ ವರ್ಷ ಮೇಲಿನ ಗಾಳಿ ಅದರೊಳಗೆ ಓಡಾಡುತ್ತಲೇ ಇರುತ್ತದೆ. ಅದರ ಮೇಲೆ ಹಿಮ ಬಿದ್ದು ಬಿದ್ದು, ಭಾರಕ್ಕೆ ಕೆಳಗಿನದು ಗಡ್ಡೆಯಾದ ಮೇಲೆಯೇ ಗಾಳಿ ಗುಳ್ಳೆಯಾಗಿ ಸೆರೆಯಾಗುವುದು. ಗಡ್ಡೆ ಅಜ್ಜನ ಕಾಲದ್ದಾದರೆ ಒಳಗಿನ ಗಾಳಿ ಮೊಮ್ಮಗನ ಕಾಲದ್ದು. ಹಿಮ ಬಿದ್ದಾಗ ಪೇಶ್ವೆಗಳಿದ್ದದ್ದು ನಿಜ, ಆದರೆ ಮಹಾಶಯರೇ, ನೀವು ಕಣ್ಣೊರೆಸಿಕೊಂಡು ಕುಡಿದದ್ದು ಇಂಗ್ಲಿಷರ ಕಾಲದ ಗಾಳಿ, ಅದೂ ಅವರ ಗಿರಣಿಯ ಹೊಗೆ ಬೆರೆತದ್ದು ಎಂದೆ. ಸಾಹೇಬರು ವೇದಿಕೆಯಿಂದ ಬಾಗಿ, ಬೇರೆಯವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ, "ಪಾರವ್ವಾರ, ಇಲ್ಲಿ ಬ್ಯಾಡ್ರಿ, ಆಮ್ಯಾಲ ಮಾತಾಡೂಣಂತ" ಎಂದರು. ಗಾಳಿಯ ವಯಸ್ಸು ಅವರಿಗೂ ಗೊತ್ತಿತ್ತು, ಅದು ಮುಖದಲ್ಲೇ ಕಂಡಿತು. ಗೊತ್ತಿದ್ದೇ ಆ ಮುದುಕರನ್ನು ಅಳಿಸಿದ್ದರು. ಅಪ್ಪಾಸಾಹೇಬರಂತೂ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ನಾನು ಅವರ ವಂಶಕ್ಕೇ ಬೈದೆನೋ ಎಂಬಂತೆ ನನ್ನನ್ನು ನೋಡುತ್ತಿದ್ದರು.

ಮರುದಿನ ಸಂಸ್ಥೆಗೆ ಹೋದೆ. ಸಾಹೇಬರು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಆಮೇಲೆ ನಕ್ಕರು. "ಅದ ಬ್ಯಾರೇ ಬರ್ಫರಿ, ಹಡಗಿನವ್ರು ಆರಿಸಿ ತಂದದ್ದು. ಮುದಕರ ಮನಸಿಗೆ ಸಮಾಧಾನ ಆಗಲಿ ಅಂತ ಪೇಶ್ವೆ ಅಂದೆ. ನಿಮ್ಮ ತಮ್ಮಂದ ಅಂತೀರಿ, ಸಾಕ್ಷಿ ಏನದ? ನೀರ ತೋರಸ್ತೀರೇನು?" ಎಂದರು. ಇಷ್ಟು ಕಲಿತ ಬಾಯಿಗೆ ಇಷ್ಟು ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡು. ನಾನು ಚಹಾ ಮುಟ್ಟದೆ ಎದ್ದು ಬಂದೆ. ಹೊರಗೆ ವಿಕಾಸ ಸಿಕ್ಕ. ನಿನ್ನ ಸಹಿಯ ಕಾಗದವಿರುವ ಲಕೋಟೆಯನ್ನು ಸಾಹೇಬರು ಅವನ ಕೈಯಲ್ಲೇ ಕಳಿಸುತ್ತಿದ್ದಾರಂತೆ. "ಅಕ್ಕಾರ, ನಾ ಕೊಟ್ಟೆ ಅಂತ ನನ್ನ ಹೆಸರ ಎಲ್ಲೂ ತಗೀಬ್ಯಾಡ್ರಿ, ನಿಮ್ಮ ಕಾಗದ ಮೊದಲ ಕೊಡ್ತೀನಿ" ಎಂದ. ಅವನ ಧೈರ್ಯ ಅಷ್ಟೇ. ನಿಮ್ಮ ಸಂಸ್ಥೆಯಲ್ಲಿ ಅದನ್ನೇ ಶೌರ್ಯ ಎನ್ನಬೇಕು.

ಹಾಗಾಗಿ ನನ್ನ ಹತ್ತಿರ ಸಾಕ್ಷಿ ಇಲ್ಲ ಸಿದ್ದೂ, ನಾಲಿಗೆ ಒಂದೇ ಇದೆ. ಆದರೂ ಹೇಳುತ್ತೇನೆ, ನೀನು ಕಳೆದಿಲ್ಲ. ನಿನ್ನಿಂದ ತಪ್ಪಾಗಿಲ್ಲ. ಸಹಿ ಮಾಡದಿದ್ದರೆ ಸಾಹೇಬರು ಚೌಕಶಿ, ವಿಚಾರಣೆ ಎಲ್ಲ ನಡೆಸುತ್ತಾರೆ, ನಡೆಸಲಿ. ನೌಕರಿ ಹೋದರೆ ನನ್ನ ಕ್ಲಾಸಿನಲ್ಲಿ ಭೂಗೋಳ ಹೇಳಿಕೊಡುವೆಯಂತೆ. ಆ ಮನುಷ್ಯ ಕುಡಿದು ಬಾಯಿ ಒರೆಸಿಕೊಂಡದ್ದಕ್ಕೆ ನೀನು ಕ್ಷಮೆ ಬರೆದುಕೊಟ್ಟರೆ ಮಾತ್ರ ನಾನು ನಿನ್ನ ಮುಖ ನೋಡುವುದಿಲ್ಲ. ಇದು ಸಿಟ್ಟಿನ ಮಾತಲ್ಲ. ನಿನ್ನನ್ನು ಎತ್ತಿ ಆಡಿಸಿದ ಕೈ ಇದು, ನೀನು ತಲೆ ತಗ್ಗಿಸಿ ಆ ಹಡಗಿನಿಂದ ಇಳಿಯುವುದನ್ನು ನನಗೆ ನೋಡಲಾಗದು.

ಅವ್ವ ನಿನಗೆ ದೃಷ್ಟಿ ತೆಗೆದು ಹಾಕಿದ್ದಾಳೆ, ಅಲ್ಲಿ ಪೆಂಗ್ವಿನ್ನುಗಳ ದೃಷ್ಟಿಯೂ ಬೀಳಬಹುದಂತೆ. ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿಕೊ. ನಮ್ಮ ಮಠದ ಅಜ್ಜಾರು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಅಕ್ಕ,
ಪಾರವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಬಾಗಿಲು ಬಡಿದರು. ಅಪ್ಪಾಸಾಹೇಬರು! ಕೈಯಲ್ಲಿ ದೊಡ್ಡ ಥರ್ಮಾಸು. ನಮಸ್ಕಾರವೂ ಇಲ್ಲ, ಏನೂ ಇಲ್ಲ. "ಇಂಗ್ರಜಾಂಚೀ ಹವಾ ಮಾಝ್ಯಾ ಘರಾತ ನಕೋ" ಎಂದು ಅದನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಇಂಗ್ಲಿಷರ ಗಾಳಿ ಅವರ ಮನೆಯಲ್ಲಿ ಬೇಡವಂತೆ. ಸಮಾರಂಭದ ಮುನ್ನಾದಿನ ಸಾಹೇಬರು ಇಡೀ ತುಂಡನ್ನು ಅವರ ಫ್ರಿಜ್ಜಿಗೇ ಕಳಿಸಿದ್ದರಂತೆ. ಅರ್ಧ ಒಡೆದು ಸರಬತ್ತಿಗೆ ಕೊಟ್ಟು, ಉಳಿದರ್ಧವನ್ನು ಅಪ್ಪಾಸಾಹೇಬರು ಯಾರಿಗೂ ಹೇಳದೆ ಪೂಜೆಗೆಂದು ಇಟ್ಟುಕೊಂಡಿದ್ದರು. ನಾನು ಹೇಳಿದ್ದು ಸುಳ್ಳಿರಬೇಕೆಂದು ಊರಿನ ಪ್ರೊಫೆಸರುಗಳನ್ನೆಲ್ಲ ಕೇಳಿ, ನಿಜವೆಂದು ತಿಳಿದು, ಇವತ್ತು ತಂದು ಎಸೆದರು. ತುಂಡು ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇದೆ ಸಿದ್ದೂ. ಚೀಲದ ಮೇಲೆ ನಿನ್ನ ಅಕ್ಷರ, ಆಳದ ಸಂಖ್ಯೆ, ಮೇಲುಮುಖದ ಬಾಣ. ಆ ಮುದುಕರ ಮೂರ್ಖತನಕ್ಕೆ ಕೈಮುಗಿದೆ, ಬುದ್ಧಿವಂತರ ಮನೆಯಲ್ಲಿದ್ದರೆ ಎಂದೋ ನೀರಾಗುತ್ತಿತ್ತು. ಕರೆಂಟ್ ಇಲ್ಲವಲ್ಲ, ಸೀರೆಯ ಸೆರಗು ಸುತ್ತಿಕೊಂಡು ಮುರುಗೆಪ್ಪನ ಐಸ್‌ಕ್ರೀಂ ಅಂಗಡಿಗೆ ಓಡಿದೆ. ಅವನಲ್ಲಿ ಜನರೇಟರ್ ಇದೆ. ಈಗ ಪಿಸ್ತಾ ಕುಲ್ಫಿಯ ಕೆಳಗೆ ಭದ್ರವಾಗಿದೆ. ವಿಕಾಸ ಬಂದು ಕಣ್ಣಾರೆ ನೋಡಿ, ನೋಡಿದ್ದೇನೆಂದು ತನ್ನ ಹೆಸರು ಹಾಕಿ ಬರೆದೂ ಕೊಟ್ಟ. ಬೆಳಿಗ್ಗೆ ನಾನು ಫ್ರಾನ್ಸಿನವರಿಗೆ ಬರೆಯುತ್ತೇನೆ. ಸಾಹೇಬರ ಕಾಗದ ಹಾಗೆಯೇ ವಾಪಸು ಬರಲಿ. ಸಹಿ ಮಾಡಲು ನಿನ್ನ ಕೈ ಅಷ್ಟು ತುರಿಸುತ್ತಿದ್ದರೆ, "ಜ್ವಾಲಾಮುಖಿಯ ಗುರುತಿನ ಕೆಳಗಿನ ತುಂಡು ನಾನು ಕಳಿಸಿದ್ದೆ, ಅದು ಪುಣೆಗೆ ತಲುಪಿತ್ತು" ಎಂದು ನಿನ್ನ ಕೈಯಾರೆ ಬರೆ, ಅದರ ಕೆಳಗೆ ಸಹಿ ಮಾಡು.